ಪದ ಎತ್ತೋದು ಅಣ್ಣನ ಕೆಲಸ

ಸಾವಿನ ಮನೆಯಲ್ಲಿ ನಗಬಾರದು ಅಂತಾರೆ. ನಗಬಾರದು ಅಂದ ಕಡೆಯೇ ನಗು ಬರೋದು, ಅದಕ್ಕೆ ನಾವೇನು ಮಾಡೋಕಾಗುತ್ತೆ? ನಾನೂ ನಮ್ಮಣ್ಣನೂ ಪಾಂಡವಪುರದ ಕಡೆಯ ಆಚಾರ್ರು, ಮರಗೆಲಸದವರು. ಯಾರಾದರೂ ತೀರಿಕೊಂಡರೆ ಉಳಿ, ಬಾಚಿ ಬದಿಗಿಟ್ಟು, ತಂಬೂರಿ, ತಾಳ ಹಿಡಿದು ಹೋಗಿ ಹೆಣದ ಮುಂದೆ ತತ್ವಪದ ಹೇಳುತ್ತಿದ್ದೆವು. ತೊಂಬತ್ತರ ದಶಕದ ಮಾತು. ಸಾವಿನ ಮನೆಗೂ ಕ್ಯಾಸೆಟ್ ಬಂದಿತ್ತು, ಆದರೂ ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಜನ ನಮ್ಮನ್ನೇ ಕರೆಯೋರು.

ಅಪ್ಪ ಹಾಕಿಕೊಟ್ಟ ಕಟ್ಟಳೆ ಒಂದೇ. ಮೊದಲ ಸಾಲು ಹೇಳಿ ಪದ ಎತ್ತೋದು ಅಣ್ಣ, ಅದನ್ನು ಹಿಂದಿಂದ ಹಿಡಿಯೋದು ತಮ್ಮ. ಅಣ್ಣ ಬಾಯಿ ತೆಗೆಯೋ ಮುಂಚೆ ನಾನು ಬಾಯಿ ತೆಗೆದವನೇ ಅಲ್ಲ, ಹಾಡಲ್ಲೂ, ಊಟದಲ್ಲೂ.

ಇನ್ನೊಂದು ಪದ

ಪಾಲಹಳ್ಳಿಯಲ್ಲಿ ಒಬ್ಬ ಯಜಮಾನರು ಹೋಗಿದ್ದರು. ಬೆಳಗ್ಗೆಯಿಂದ ಹಾಡಿ ಹಾಡಿ ಮಧ್ಯಾಹ್ನದ ಹೊತ್ತಿಗೆ ಅಣ್ಣನ ದನಿ ಒಡೆದ ಮಡಕೆಯಂತಾಯಿತು. ಅವನ ಗಂಟಲು ಕೆಡೋಕೆ ಶುರುವಾಗಿದ್ದು ಆಗಲೇ, ನಮಗೆ ತಿಳಿಯಲಿಲ್ಲ. ಚಟ್ಟ ಸಿದ್ಧವಾಯಿತು, ಅಣ್ಣ ತಂಬೂರಿ ಕೆಳಗಿಟ್ಟ. ಸತ್ತವರ ಮಗ ಕಣ್ಣೊರೆಸಿಕೊಂಡು ಓಡಿಬಂದ.

"ಆಚಾರ್ರೇ, ಇನ್ನೊಂದೇ ಒಂದ್ ಪದ ಏಳಿ."

"ಒತ್ತಾಯ್ತಲ್ಲಪ್ಪಾ, ಮಣ್ಣು ಮಾಡ್ಬ್ಯಾಡ್ವಾ?"

"ಅಯ್ಯೋ, ನಮ್ಮಪ್ಪ ಈಗ ಎಲ್ಲಿಗೆ ಎದ್ದೋಯ್ತಾನೆ? ನೀವ್ ಏಳಿ!"

ಗಂಜಿ ಕುಡಿಯುತ್ತಿದ್ದ ತಾತ

ಕೆ.ಆರ್.ಪೇಟೆ ಹತ್ತಿರದ ಹಳ್ಳಿಯಿಂದ ಸುದ್ದಿ ಬಂತು, ತಾತ ಹೋಗ್ಬುಟ್ಟ, ಬನ್ನಿ ಅಂತ. ಬಸ್ಸು ಬದಲಿಸಿ ಹೋದೆವು. ನೋಡಿದರೆ ತಾತ ಜಗಲಿ ಮೇಲೆ ಕೂತು ಗಂಜಿ ಕುಡೀತಿದ್ದಾನೆ! ಹೋದ ಉಸಿರು ಹೆಂಗೋ ತಿರುಗಿ ಬಂದಿತ್ತಂತೆ. ಮನೆಯವರಿಗೆ ನಾಚಿಕೆ, ನಮಗೆ ಇನ್ನೂ ನಾಚಿಕೆ. ತಾಳವನ್ನು ಮೆಲ್ಲಗೆ ಚೀಲಕ್ಕೆ ತುರುಕಿದೆ. ತಾತ ಬಿಡಲಿಲ್ಲ.

"ಬಂದವ್ರು ಯಾಕ್ರಲಾ ಅಂಗೇ ಓಯ್ತೀರಿ? ಪದ ಏಳಿ. ಸತ್ ಮ್ಯಾಕೆ ನಂಗೇನ್ ಕೇಳುಸ್ತದಾ?"

ಅಣ್ಣ ಪದ ಎತ್ತಿದ. ನಡುವೆ ಕೆಮ್ಮು ಬಂತು, ನಿಲ್ಲಲೇ ಇಲ್ಲ. ಬಾಯಿ ಒರೆಸಿದ ಟವಲಿನಲ್ಲಿ ರಕ್ತ. ತಾತ ಗಂಜಿ ಬಟ್ಟಲು ಕೆಳಗಿಟ್ಟ.

"ಲೇ, ನನಗಿಂತ ಮುಂಚೆ ನೀನೇ ಒಂಟೋಯ್ತೀಯೆ ಕಣ್ಲಾ. ನಡಿ ಆಸ್ಪತ್ರೆಗೆ!"

ಡಾಕ್ಟರು ಮಾಡಿದ ಉಪಕಾರ

ಮೈಸೂರಿನ ಡಾಕ್ಟರು ಗಂಟಲಲ್ಲಿ ಗಡ್ಡೆ ಇದೆ, ಕತ್ತರಿಸಬೇಕು, ಆಮೇಲೆ ಮಾತು ಬರೋಲ್ಲ ಅಂದರು. ಅತ್ತಿಗೆ ಗೋಳೋ ಅಂತ ಅತ್ತರು.

"ಅಳ್ಬ್ಯಾಡ ಸುಮ್ಕಿರಮ್ಮಿ," ಅಂದ ಅಣ್ಣ. "ಮದ್ವೆ ಆದಾಗಿಂದ ನನ್ ಬಾಯಿ ಮುಚ್ಸಕ್ಕೆ ಒದ್ದಾಡ್ತಿದ್ದೆ. ಡಾಕ್ಟ್ರು ಮುಚ್ಸಿಕೊಡ್ತಾವ್ರೆ."

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡ. "ನನ್ ಎಣದ ಮುಂದೆ ಬ್ಯಾರೆ ಯಾರ್ನೂ ಕೂರುಸ್ಬ್ಯಾಡ. ನೀನೇ ಎತ್ಬೇಕು."

"ನಂಗೆ ಎತ್ತಕ್ಕೆ ಬರಲ್ಲಣ್ಣ."

"ಕಲ್ತ್ಕೊ. ಅವತ್ತು ನಾನೆದ್ದು ಬಂದು ಏಳ್ಕೊಡಕ್ಕಾಯ್ತದಾ?"

ತೊಣ್ಣೂರು ಕೆರೆ ಏರಿ

ಆಪರೇಷನ್ ಆಯಿತು, ದನಿ ಹೋಯಿತು. ಅಣ್ಣ ನನ್ನನ್ನು ತೊಣ್ಣೂರು ಕೆರೆ ಏರಿಗೆ ಕರಕೊಂಡು ಹೋಗಿ, ಎತ್ತು ಅಂತ ಕೈಸನ್ನೆ ಮಾಡೋನು. ಅವನು ಎದುರಿಗಿದ್ದರೆ ನನಗೆ ನಾಲಿಗೆಯೇ ಏಳದು. ಬೆನ್ನು ತಿರುಗಿಸಿ ಕೂತ, ಆಗಲಿಲ್ಲ. ಕೊನೆಗೆ ಸಿಟ್ಟು ಬಂದು ಮರದ ಹಿಂದೆ ಹೋಗಿ ಕೂತ. ಎತ್ತಿದೆ ನೋಡಿ! ಪೂರ್ತಿ ಪದ ಎದೆ ಬಿಚ್ಚಿ ಹೇಳಿದೆ. ಇವತ್ತಾದರೂ ಅಣ್ಣ ಬೆನ್ನು ತಟ್ಟುತ್ತಾನೆ ಅಂತ ಕುಣಿಯುತ್ತಾ ಮರದ ಹಿಂದೆ ಹೋದೆ.

ಅಣ್ಣ ಬಾಯಿ ಬಿಟ್ಟುಕೊಂಡು ನಿದ್ದೆ ಹೊಡೀತಿದ್ದ.

ಯಾರು ಬರಬೇಕು

ಸುಗ್ಗಿ ಮುಗಿಯೋ ಹೊತ್ತಿಗೆ ಅಣ್ಣ ಹೋಗಿಬಿಟ್ಟ. ಅಂಗಳದಲ್ಲಿ ಮಲಗಿಸಿದ್ದರು. ನಾವು ಯಾರ್ಯಾರ ಮನೆಯಲ್ಲಿ ಹಾಡಿದ್ದೆವೋ ಅವರೆಲ್ಲ ಬಂದು ಕೂತಿದ್ದರು. ತಂಬೂರಿ ಶ್ರುತಿ ಮಾಡಿದೆ. ಮತ್ತೆ ಮಾಡಿದೆ. ಅಣ್ಣನ ಮುಖ ನೋಡಿದೆ. ಅಳು ನಿಲ್ಲಿಸಿ ಜನ ನನ್ನನ್ನೇ ನೋಡುತ್ತಿದ್ದಾರೆ, ಬಾಯಿ ಮಾತ್ರ ತೆರೆಯದು.

"ಯಾಕಪ್ಪಾ, ಇನ್ಯಾರ್ ಬರ್ಬೇಕು?" ಅಂದರು ಅತ್ತಿಗೆ.

"ಅಣ್ಣ ಎತ್ಲಿ ಅಂತ ಕಾಯ್ತಿದ್ದೀನಿ ಅತ್ತಿಗೆ," ಅಂದುಬಿಟ್ಟೆ.

ಮೊದಲು ನಕ್ಕಿದ್ದು ಅತ್ತಿಗೆಯೇ, ಬಾಯಿಗೆ ಸೆರಗು ಒತ್ತಿಕೊಂಡು. ಅಂಗಳವೆಲ್ಲ ನಕ್ಕಿತು. ನಾನೂ ನಕ್ಕೆ, ಕಣ್ಣಲ್ಲಿ ನೀರು ಧಾರಾಕಾರ. ಅತ್ತಿಗೆ ಬಗ್ಗಿ ಅಣ್ಣನ ಬಾಯಿ ಹತ್ತಿರ ಕಿವಿ ಇಟ್ಟು, ಎದ್ದು, ನನ್ನ ಕಡೆ ತಿರುಗಿದರು.

"ಅವರು ಆಗಲೇ ಎತ್ತಿದ್ದಾಯ್ತಂತೆ, ನಿಂಗೇ ಕೇಳುಸ್ಲಿಲ್ಲ. ಇನ್ನ ನೀನ್ ಇಡ್ಕೊ."

ಹಿಡಿದೆ.