ನಮ್ಮ ಲ್ಯಾಬಿನ್ಯಾಗ ನಕ್ಷಿ ನಿಲ್ಲವಲ್ದು

ಕಂಪ್ಯೂಟರು ಕೆಡೂದು ಇದ್ದದ್ದ. ಆದ್ರ ಅದನ್ನ ರಿಪೇರಿ ಮಾಡಾಕ ಹೋದವರ ಫಜೀತಿ ಐತಲ್ಲ, ಅದ ಭಾಳ ಮಜಾ. ನಾ ಬೇವೂರಿನಿಂದ ಬಾಗಲಕೋಟಿಗೆ ಡಿಪ್ಲೊಮಾ ಕಲಿಯಾಕ ಬರೂ ಹುಡುಗಿ. ಬಸ್ಸಿನ್ಯಾಗ ಪುಸ್ತಕ, ಕ್ಲಾಸಿನ್ಯಾಗ ಕಡೀ ಬೆಂಚು, ಬಾಯಿಗೆ ಬೀಗ. ಇದನ್ನ ಯಾರಿಗೂ ಹೇಳಿಲ್ಲ, ನಿಮಗ ಮೊದಲು.

ಸೋಮವಾರ ಪ್ರಾಕ್ಟಿಕಲ್ ಪರೀಕ್ಷೆ. ಹುನಗುಂದದಿಂದ ಪರೀಕ್ಷಕರು ಬರೋರು. ಶುಕ್ರವಾರ ಬಂದ್ರೂ ಮನಿ ನಕ್ಷಿ ತಗಿಯೂ ಸಾಫ್ಟ್‌ವೇರು ನಡುವ ಪಟ್ನ ಬಂದ್ ಆಗಾಕತ್ತಿತ್ತು. ಹಂಗ ಉಳದ್ರ ಇಡೀ ಕ್ಲಾಸು ಫೇಲು!

೧. ಕುರ್ಚಿ ಬದಲಿ

ನನ್ನ ಇಳಕಲ್ ಗೆಳತಿ ನಕ್ಷ್ಯಾಗ ಒಂದು ಗ್ವಾಡಿ ಎಳದ್ಲು, ಸಾಫ್ಟ್‌ವೇರು ಬಂದ್. ಬಾಜೂ ಕುರ್ಚಿಗೆ ಹೋದ್ಲು, ಮತ್ತ ಬಂದ್. ಐದು ಕುರ್ಚಿ ತಿರುಗಿದ್ಲು.

"ಸರ, ಇದು ನನ್ನ ಬೆನ್ನ ಹತ್ತೇತ್ರಿ!"

ಲ್ಯಾಬ್ ಸರ್ ಅಂದ್ರು, "ಎಲ್ಲಿ ಕುಂತ್ರೂ ಅಷ್ಟ ತಂಗಿ. ಮುಂದಿರೂದು ಬರೇ ಪರದೆ. ಖರೇ ಕಂಪ್ಯೂಟರು ಆ ಕೀಲಿ ಹಾಕಿದ ಖೋಲ್ಯಾಗಿನ ಸರ್ವರು. ನಿಮ್ಮ ಐಡಿ ಹಾಕಿದ್ರ ನಿಮ್ಮ ಡೆಸ್ಕ್‌ಟಾಪು ಅಲ್ಲಿಂದ ಇಲ್ಲಿ ಕಾಣ್ತೈತಿ."

"ಅಯ್ಯ ಸರ! ಹಂಗಾದ್ರ ಆಯುಧ ಪೂಜಿಗೆ ಇಪ್ಪತ್ತು ಪರದೆಗೆ ಕುಂಕುಮ ಹಚ್ಚಿದ್ವಿ. ಒಳಗ ಕುಂತ ದೇವ್ರಿಗೆ ಒಂದು ಊದಿನಕಡ್ಡಿನೂ ಹಚ್ಚಲಿಲ್ಲಲ್ರಿ!"

೨. ಒಂದ ಗುಂಡಿ

ಸರ್ ಸಾಫ್ಟ್‌ವೇರು ಕಂಪನಿಗೆ ಫೋನ್ ಹಚ್ಚಿದ್ರು. ಸ್ಪೀಕರ್ ಹಾಕಿದ್ರು. ಆ ಕಡೆಯಾಂವ ಬೆಂಗಳೂರು ಮಾತಿನ್ಯಾಗ ಕೇಳಿದ, "ಬಂದ್ ಆಗುವಾಗ ಏನಾದರೂ ಮೆಸೇಜ್ ಬರುತ್ತಾ ಸರ್?"

"ಬರ್ತೈತ್ರಿ."

"ಏನಂತ ಬರುತ್ತೆ?"

"ಓದಿಲ್ರಿ. ಬಂದ ಕೂಡ್ಲೇ ಓಕೆ ಒತ್ತಿಬಿಡ್ತೇವಿ."

"ಓದದೆ ಯಾಕೆ ಸರ್ ಓಕೆ ಒತ್ತುತ್ತೀರಿ?"

"ಬ್ಯಾರೆ ಗುಂಡಿನ ಇಲ್ಲಲ್ರಿ!"

೩. ಆಣಿ ಹಾಕಿ ಹೇಳಿದ ಗುಟ್ಟು

ನಾ ಚುರಮುರಿ ಕಟ್ಟಿದ ಕಾಗದಾನೂ ಓದೂ ಪೈಕಿ. ಗೆಳತಿಗಂದ್ನಿ, "ಲೇ, ಈ ಸಲ ಒತ್ತಬ್ಯಾಡ." ಇಬ್ಬರೂ ಕುಂತು ಓದಿದ್ವಿ: ಈ ಐಡಿಯ ಫೈಲು ಬ್ಯಾರೆ ಕಡೆ ತೆರದೈತಿ ಅಂತಿತ್ತು. ಐಡಿ ಯಾರದಂತ ಮ್ಯಾಲಿನ ಮೂಲಿ ನೋಡಿದ್ನಿ. ಪ್ರಿನ್ಸಿಪಾಲರದು!

ಗೆಳತಿ ಕಿವ್ಯಾಗ ಅಂದ್ಲು, "ನಮ್ಮ ಐಡಿ ಹತ್ತು ನಿಮಿಷ ಸುಮ್ಮನ ಬಿಟ್ರ ಹೊರಗ ಹಾಕ್ತೈತಿ. ಅವರದು ಹಾಕಂಗಿಲ್ಲ. ಸೀನಿಯರ್ ಅಕ್ಕ ಆಣಿ ಹಾಕ್ಸಿ ಪಾಸ್‌ವರ್ಡ್ ಕೊಟ್ಲು. ನನಗೊಬ್ಬಾಕಿಗೇ!"

ಬಾಜೂ ಪರದೆ ನೋಡಿದ್ನಿ. ಅಲ್ಲೂ ಪ್ರಿನ್ಸಿಪಾಲರು. ಅದರ ಬಾಜೂ ಪ್ರಿನ್ಸಿಪಾಲರು. ಆ ಆಣಿ ಇಡೀ ಲ್ಯಾಬು ತಿರುಗಿ ಬಂದಿತ್ತು! ನಾ ಈ ಗೆಳತಿ ಬಿಟ್ರ ಯಾರ ಕೂಡಾನೂ ಮಾತಾಡ್ತಿರ್ಲಿಲ್ಲ, ಈಕಿ ಆಣಿ ಮುರದಿರ್ಲಿಲ್ಲ, ಅದಕ್ಕ ನನಗೊಬ್ಬಾಕಿಗೆ ಗುಟ್ಟು ಮುಟ್ಟಿರ್ಲಿಲ್ಲ. ನನ್ನ ನಕ್ಷಿ ಒಮ್ಮೆನೂ ಬಂದ್ ಆಗಿರ್ಲಿಲ್ಲ ನೋಡ್ರಿ!

ಅಷ್ಟರಾಗ ಪ್ರಿನ್ಸಿಪಾಲರೇ ಒಳಗ ಬಂದ್ರು. "ಏನ್ರಿ ಇದು? ನಾ ಪತ್ರ ಬರಿಯಾಕ ಕುಂತ್ರ ತಾನ ಬಂದ್ ಆಗ್ತೈತಿ. ಡೆಸ್ಕ್‌ಟಾಪ್ ತುಂಬ ಯಾರ್ಯಾರದೋ ಮನಿ ನಕ್ಷಿ!"

ನನಗ ಸೋಮವಾರದ ಪರೀಕ್ಷೆ ನೆನಪಾತು. ಎದ್ದು ನಿಂತ್ನಿ.

"ಸರ... ನೀವೀಗ ಈ ಲ್ಯಾಬಿನ್ಯಾಗ ಹತ್ತೊಂಬತ್ತು ಕಡೆ ಕುಂತೀರ್ರಿ. ಅದಕ್ಕ ಬಂದ್ ಆಗಾಕತ್ತೈತಿ."

ಪ್ರಿನ್ಸಿಪಾಲರು ಒಂದೊಂದ ಪರದೆ ನೋಡ್ಕೋತ ಬಂದ್ರು. ಲ್ಯಾಬ್ ಸರ್ ತಮ್ಮ ಪರದೆನ ಸಾವಕಾಶ ಗ್ವಾಡಿ ಕಡೆ ತಿರುಗಿಸಿದ್ರು.

"ಎಲ್ಲಾರೂ ತಮ್ಮ ತಮ್ಮ ಐಡಿಗೆ ಹೋಗ್ರಿ!"

ಹೋದ್ವಿ. ಗೆಳತಿ ಒಂದು ಗ್ವಾಡಿ ಎಳದ್ಲು. ನಾಕು ಗ್ವಾಡಿ. ಬಾಗಲ, ಕಿಡಕಿ, ಮಾಳಗಿ... "ನಕ್ಷಿ ನಿಂತ್ತು! ನಿಂತ್ತು!" ಅಂತ ಇಡೀ ಲ್ಯಾಬು ಒದರಿತು, ಎಲ್ಲಾರಕಿಂತ ಜೋರು ನಾನ!

ಪ್ರಿನ್ಸಿಪಾಲರು ಬಾಗಲದಾಗ ನಿಂತು ಹೊಳ್ಳಿ ನೋಡಿದ್ರು. ಬೈಗಳಾ ಬೀಳ್ತಾವಂತ ಎಲ್ಲಾರೂ ಪರದೆ ಹಿಂದ ಮಾರಿ ಮುಚ್ಚಿಕೊಂಡ್ವಿ.

"ಇಷ್ಟು ಮಂದಿ ಪ್ರಿನ್ಸಿಪಾಲರು ಇದ್ದೀರಿ ಅಂತ ಮೊದಲ ಹೇಳಬಾರ್ದೇನ್ರಿ? ದಿನಾ ಮೂರು ಮೀಟಿಂಗಿಗೆ ನಾನೊಬ್ಬನ ಹೋಗಿ ಸಾಯಾಕತ್ತೇನಿ!"