ಎಂಬತ್ತಾರು ತೊಲೆಗಳ ಅಭ್ಯಂಜನ

ನನ್ನ ಹೆಂಡತಿ ರಚನಾ ನನ್ನನ್ನು ನಂಬಿ ಯಾವ ಕೆಲಸವನ್ನೂ ಒಪ್ಪಿಸುವುದಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಒಂದೇ ಒಂದು ಸಲ ಒಪ್ಪಿಸಿದಳು. ಅದರ ಫಲವನ್ನು ನಾನಿನ್ನೂ ಉಣ್ಣುತ್ತಿದ್ದೇನೆ.

ನಾವಿರುವುದು ಜರ್ಮನಿಯ ಡಾರ್ಮ್‌ಸ್ಟಾಟ್ ಪಕ್ಕದ ಒಂದು ಹಳ್ಳಿಯಲ್ಲಿ. ಮನೆ ಚೆನ್ನಾಗಿದೆ, ಆದರೆ ಮಲಗುವ ಕೋಣೆ, ಬಚ್ಚಲು ಎಲ್ಲವೂ ಮಹಡಿಯ ಮೇಲೆ. ಹೋದ ಸಲ ಮೈಸೂರಿನಿಂದ ಬಂದಿದ್ದ ನಮ್ಮತ್ತೆ ವೆಂಕಟಲಕ್ಷ್ಮಮ್ಮನವರಿಗೆ ಎರಡೂ ಮಂಡಿ ಸವೆದಿವೆ. ದಿನಕ್ಕೆ ನಾಲ್ಕು ಸಲ ಆ ಮೆಟ್ಟಿಲು ಹತ್ತಿಳಿದು, ಊರಿಗೆ ಹೊರಡುವಾಗ ಏರ್‌ಪೋರ್ಟಿನಲ್ಲಿ, "ಇನ್ನು ನನ್ನ ಕರೀಬೇಡ ಕಣೇ, ನನ್ ಕೈಲಾಗಲ್ಲ" ಅಂದುಬಿಟ್ಟರು. ರಚನಾ ಮನೆ ತಲುಪುವವರೆಗೂ ಕಾರಿನಲ್ಲಿ ಅಳುತ್ತಿದ್ದಳು. ಅವತ್ತೇ ತೀರ್ಮಾನವಾಯಿತು, ಹಿತ್ತಲಲ್ಲಿ ಅಮ್ಮನಿಗೊಂದು ಪುಟ್ಟ ಮನೆ, ಮೆಟ್ಟಿಲೇ ಇಲ್ಲದ್ದು. ಮೇ ತಿಂಗಳಿಗೆ ಟಿಕೆಟ್ಟೂ ಆಯಿತು.

ಈಗ ಪಕ್ಕದ ಮನೆಯ ಹೆರ್ (ಅಂದರೆ ಶ್ರೀಯುತ) ವೈಗಾಂಡ್ ಅವರನ್ನು ಪರಿಚಯಿಸಬೇಕು. ಎಪ್ಪತ್ತೆರಡರ ನಿವೃತ್ತ ಬಡಗಿ. ಬೇಲಿಯಾಚೆಯಿಂದ ನಮ್ಮ ಚರ್ಚೆ ಕೇಳಿಸಿಕೊಂಡು, "ಹೊಸ ಮರ ಯಾಕೆ? ಓಡನ್‌ವಾಲ್ಡ್ ಬೆಟ್ಟಗಳ ಕಡೆ ಗಾಡಿ ನಿಲ್ಲಿಸುತ್ತಿದ್ದ ಹಳೇ ಕೊಟ್ಟಿಗೆಯೊಂದನ್ನು ಕೆಡವುತ್ತಿದ್ದಾರೆ. ನೂರೈವತ್ತು ವರ್ಷದ ಓಕ್ ಮರ. ಬಿಚ್ಚಿ ತಂದು ಹಾಗೇ ಜೋಡಿಸೋಣ" ಎಂದರು. ನಕ್ಷೆ ಅವರೇ ಬರೆದರು. ಬೌಆಮ್ಟ್ ಎಂಬ ಕಟ್ಟಡ ಇಲಾಖೆಗೆ ಆರು ಸಲ ನನ್ನ ಜೊತೆ ಬಂದು ಪರವಾನಗಿಯನ್ನೂ ಕೊಡಿಸಿದರು. ನಾನು ಆಫೀಸಿನಲ್ಲಿ ಕೂತಿದ್ದಾಗ ಕೊಟ್ಟಿಗೆಯನ್ನು ಬಿಚ್ಚಿಸಿ, ಎಂಬತ್ತಾರು ತೊಲೆ, ಕಂಬಗಳನ್ನು ನಮ್ಮ ಹಿತ್ತಲಿಗೆ ಸಾಗಿಸಿ, ಟಾರ್ಪಾಲಿನ್ ಹೊದಿಸಿದರು. ಇಂಥ ನೆರೆಯವರು ಸಿಗಲು ನಾನೇನು ಪುಣ್ಯ ಮಾಡಿದ್ದೆನೋ ಗೊತ್ತಿಲ್ಲ. (ಮಾಡಿದ ನೆನಪಂತೂ ಇಲ್ಲ.)

ಪ್ರತಿ ತೊಲೆಯ ಮೇಲೂ ಸೀಮೆಸುಣ್ಣದಲ್ಲಿ ಒಂದೊಂದು ಅಂಕಿ ಇತ್ತು. ಲಾರಿಯವನು ಎಣಿಸಿಕೊಂಡಿರಬೇಕು ಅಂದುಕೊಂಡೆ.

ಆ ವಾರ ಅತ್ತೆಗೆ ವೀಡಿಯೋ ಕಾಲ್ ಮಾಡಿ ಮರ ತೋರಿಸಿದೆವು. "ಹಳೇ ಮರಾನಾ? ಯಾರ‍್ಯಾರ ಗಾಡಿ ನಿಂತಿತ್ತೋ ಏನೋ. ಹೋಗ್ಲಿ ಬಿಡಿ. ಮಾವಿನೆಲೇಲಿ ನಾಲ್ಕು ಹನಿ ಅರಿಶಿನದ ನೀರು ಪ್ರೋಕ್ಷಣೆ ಮಾಡಿಬಿಡಿ ಅಳಿಯಂದ್ರೇ, ಶುದ್ಧ ಆಗುತ್ತೆ" ಎಂದರು.

ಶನಿವಾರ ರಚನಾ ಫ್ರಾಂಕ್‌ಫರ್ಟಿಗೆ ಸಾಮಾನು ತರಲು ಹೊರಟಳು. "ರೀ, ಅಮ್ಮ ಹೇಳಿದ್ದು ನೀವು ಮುಗಿಸ್ಬಿಡಿ. ನಾಲ್ಕೇ ಹನಿ. ನಿಮ್ ಕೈಲಾಗುತ್ತೆ ತಾನೇ?"

ಆ "ತಾನೇ" ನನ್ನ ಪೌರುಷಕ್ಕೆ ನಾಟಿತು. ನಾನು ಸಾಫ್ಟ್‌ವೇರ್ ಪರೀಕ್ಷಿಸುವ ಮನುಷ್ಯ, ಮಾಡಿದರೆ ಆಮೂಲಾಗ್ರ ಮಾಡುವವನು. ಎಂಬತ್ತಾರು ತೊಲೆಗೆ ನಾಲ್ಕು ಹನಿ ಯಾವ ಮೂಲೆಗೆ? ಕಾರು ತೊಳೆಯುವ ಪ್ರೆಶರ್ ಯಂತ್ರ ತಂದೆ. ಬಕೆಟ್ಟಿನಲ್ಲಿ ಒಂದು ಪೊಟ್ಟಣ ಅರಿಶಿನ ಕದಡಿದೆ. ಭಾನುವಾರ ಸದ್ದು ಮಾಡಿದರೆ ಇಡೀ ಬೀದಿಯೇ ಬಾಗಿಲಿಗೆ ಬರುವ ದೇಶ ಇದು, ಆದ್ದರಿಂದ ಶನಿವಾರ ಸಂಜೆಯೊಳಗೇ ಸಕಲ ತೊಲೆಗಳಿಗೂ ಅಭ್ಯಂಜನ ಮುಗಿಸಿದೆ. ಮಸಿ, ಹಕ್ಕಿಯ ಹಿಕ್ಕೆ, ತಲೆಮಾರುಗಳಿಂದ ಬಳಿದಿದ್ದ ಸುಣ್ಣ ಎಲ್ಲವೂ ಕಿತ್ತುಕೊಂಡು ಹೋಯಿತು. ಕೊನೆಗೆ ಅರಿಶಿನದ ನೀರು. ಮದುವೆ ಹೆಣ್ಣುಗಳ ಹಾಗೆ ಸಾಲಾಗಿ ಮಲಗಿದ್ದವು.

ರಚನಾ ಬಂದವಳೇ ಚೀಲ ಕೆಳಗಿಟ್ಟಳು.

"ರೀ, ನಂಬರ್ ಎಲ್ಲಿ?"

"ಯಾವ ನಂಬರು?"

"ಸೀಮೆಸುಣ್ಣದ್ದು! ಯಾವ ತೊಲೆ ಎಲ್ಲಿ ಕೂರ‍್ಬೇಕು ಅಂತ ವೈಗಾಂಡ್ ಅವ್ರು ಎರಡು ದಿನ ಕೂತು ಬರ‍್ದಿದ್ರಲ್ರೀ!"

"ಹೌದಾ? ಲಾರಿಯವನು ಬರೆದಿದ್ದು ಅಂತ..."

"ಅಯ್ಯೋ ನನ್ ಕರ್ಮವೇ! ನಾಲ್ಕು ಹನಿ ಅಂದಿದ್ದಲ್ವೇನ್ರೀ? ಮೂರು ವಾರಕ್ಕೆ ಅಮ್ಮ ಬರ‍್ತಾಳೆ. ಎಲ್ಲಿ ಮಲಗಿಸ್ಲಿ, ನಿಮ್ ತಲೆ ಮೇಲಾ?"

ಭಾನುವಾರ ಇಡೀ ದಿನ, ಅತ್ತೆ ಮತ್ತೆ ಆ ಮೆಟ್ಟಿಲ ಕೆಳಗೆ ಕಂಬಿ ಹಿಡಿದು ನಿಂತದ್ದೇ ಕಣ್ಣಮುಂದೆ ಬರುತ್ತಿತ್ತು. ರಚನಾ ಬೈಯುವುದನ್ನೂ ನಿಲ್ಲಿಸಿದ್ದಳು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ವಾರಾಂತ್ಯಕ್ಕೆ ಪರವೂರಿಗೆ ಹೋಗಿದ್ದ ಹೆರ್ ವೈಗಾಂಡ್ ಸೋಮವಾರ ಬೆಳಿಗ್ಗೆ ಏಳಕ್ಕೆ ಬಂದರು. ಟಾರ್ಪಾಲಿನ್ ಸರಿಸಿದರು. ರಾಶಿಯ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು. ಆಮೇಲೆ ಕನ್ನಡಕ ಏರಿಸಿ, ಬಗ್ಗಿ, ಒಂದು ತೊಲೆಯ ತುದಿಯನ್ನು ಬೆರಳಿನಿಂದ ಸವರಿದರು. ಅಲ್ಲಿ ಉಳಿಯಿಂದ ಕೊರೆದ ಮೂರು ಗೀಟು. ಪಕ್ಕದ ಕಂಬದಲ್ಲೂ ಮೂರು ಗೀಟು. ಇನ್ನೊಂದರಲ್ಲಿ ನಾಲ್ಕು.

"ಹಳೇ ಬಡಗಿಗಳ ಗುರುತು!" ಮುದುಕರು ಕೂಗಿಯೇಬಿಟ್ಟರು. "ಯಾವುದಕ್ಕೆ ಯಾವುದು ಕೂಡಬೇಕು ಅಂತ ಅವರೇ ಕೊರೆದಿಟ್ಟಿದ್ದಾರೆ. ನಾನೂ ಹುಡುಕಿದ್ದೆ, ಸುಣ್ಣದಡಿ ಸಿಕ್ಕಿರಲಿಲ್ಲ. ಇದನ್ನು ನೋಡಿದರೆ ನನ್ನ ಅಂಕಿಗಳಲ್ಲಿ ನಾಲ್ಕೈದು ತಪ್ಪೂ ಇದ್ದಿರಬೇಕು. ಹೆರ್ ದ್ವಾರಕನಾಥ್, ಇದನ್ನು ಹುಡುಕಲೆಂದೇ ತೊಳೆದಿರಾ?"

ಇಲ್ಲ ಎನ್ನಬೇಕಿತ್ತು. ನಾಲಿಗೆ ಯಾರ ಮಾತು ಕೇಳುತ್ತದೆ? "ಹೌದು ಹೌದು. ನಮ್ಮ ಕಡೆ ಇದು ಪುರಾತನ ಪದ್ಧತಿ" ಎಂದುಬಿಟ್ಟೆ. ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ರಚನಾ ನನ್ನನ್ನು ಒಂದು ನೋಟ ನೋಡಿದಳು. ತಂದ ಕಾಫಿಯನ್ನು ವೈಗಾಂಡರಿಗೆ ಮಾತ್ರ ಕೊಟ್ಟಳು.

ಎರಡೂವರೆ ವಾರದಲ್ಲಿ ಮನೆ ಎದ್ದು ನಿಂತಿತು. ವೈಗಾಂಡರ ಹಳೇ ಸಂಗಡಿಗರು ನಾಲ್ಕು ಜನ ಬಂದು, ನನ್ನ ಕೈಗೆ ಸುತ್ತಿಗೆ ಕೊಡದೆ (ರಚನಾಳ ಆಜ್ಞೆ), ಚಾವಣಿಯವರೆಗೂ ಮುಗಿಸಿಕೊಟ್ಟರು. ಅತ್ತೆ ಬಂದ ದಿನ ಅಲ್ಲೇ ಹಾಲು ಉಕ್ಕಿಸಿದೆವು. ಅಂಗಳದಿಂದ ಒಂದೂ ಮೆಟ್ಟಿಲು ಹತ್ತದೆ ಒಳಗೆ ನಡೆದುಹೋದ ಅವರು ಕಂಬವನ್ನು ಸವರಿ, "ಎಷ್ಟು ಗಟ್ಟಿಯಾಗಿದೆ! ಇನ್ನು ವರ್ಷಾವರ್ಷ ಬರ‍್ತೀನಿ ಕಣೇ" ಎಂದರು. ರಚನಾ ಅತ್ತಳು, ನಾನೂ ಅತ್ತೆ. ಹೆರ್ ವೈಗಾಂಡರ ಎರಡೂ ಕೈ ಹಿಡಿದು "ಡಾಂಕೆ" ಎಂದೆ. ಆ ಉಪಕಾರಕ್ಕೆ ಆ ಪದ ತೀರಾ ಚಿಕ್ಕದಾಯಿತು ಅನ್ನಿಸಿತು.

ಅವರಿಗೂ ಹಾಗೇ ಅನ್ನಿಸಿರಬೇಕು. ಪಾಯಸ ಮುಗಿಸಿ ಹೇಳಿದರು, "ನಮ್ಮದೊಂದು ಫೆರೈನ್ ಇದೆ, ಹಳೇ ಕಟ್ಟಡ ಉಳಿಸುವ ಸಂಘ. ನಿಮ್ಮ ಪದ್ಧತಿಯ ಬಗ್ಗೆ ಹೇಳಿದೆ, ಎಲ್ಲರೂ ಕಲಿಯಬೇಕಂತೆ. ಬರುವ ಶನಿವಾರ ನೀವೇ ಪಾಠ ಮಾಡಬೇಕು."

"ನನಗೆ ಆಫೀಸಿನ ಕೆಲಸ..." ಎಂದು ಎಳೆದೆ.

ರಚನಾ ವೈಗಾಂಡರ ಮಾತನ್ನು ಕನ್ನಡಕ್ಕೆ ತಿರುಗಿಸಿ ಅಮ್ಮನ ಕಿವಿಗೆ ಹಾಕಿದಳು. ಅತ್ತೆ ಎದೆಯುಬ್ಬಿಸಿ, "ಹೂಂ ಅನ್ನಿ ಅಳಿಯಂದ್ರೇ! ನನಗೆ ಮನೆ ಕಟ್ಟಿಕೊಟ್ಟೋರು, ಇಲ್ಲ ಅನ್ನಕ್ಕಾಗುತ್ತಾ?" ಎಂದರು. ಅದೂ ನಿಜವೇ. ಹೂಂ ಅಂದೆ.

ಶನಿವಾರ ಸಂಘದ ಹಜಾರದಲ್ಲಿ ಹದಿನಾಲ್ಕು ಜನ ಹಿರಿಯರು ನೋಟ್‌ಬುಕ್ ಬಿಚ್ಚಿ ಕೂತಿದ್ದರು. ಗೋಡೆಯ ಮೇಲೆ ದಪ್ಪಕ್ಷರದ ಪ್ರಕಟಣೆ: 'ಭಾರತದ ಪುರಾತನ ಮರ ಶುದ್ಧೀಕರಣ ಕಲೆ'. ಮುಂದಿನ ಸಾಲಿನಲ್ಲಿ ಅತ್ತೆ ರೇಷ್ಮೆ ಸೀರೆ ಉಟ್ಟು ವಿರಾಜಮಾನರಾಗಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರ ಪಕ್ಕದಿಂದ ಒಂದು ಕೈ ಮೇಲೆದ್ದಿತು. ನನ್ನ ಧರ್ಮಪತ್ನಿಯದು.

"ಹೆರ್ ದ್ವಾರಕನಾಥ್," ಎಂದು ಶುದ್ಧ ಜರ್ಮನ್‌ನಲ್ಲಿ, ಬಲು ವಿನಯದಿಂದ ಕೇಳಿದಳು, "ಈ ಪದ್ಧತಿ ಸರಿಯಾಗಿ ಯಾವ ಕಾಲದಿಂದ ಬಂದದ್ದು?"

ಹೆರ್ ವೈಗಾಂಡರ ಮುಖ ನೋಡಿದೆ. ನನಗಾಗಿ ಅಷ್ಟೆಲ್ಲ ಮಾಡಿದ ಮನುಷ್ಯನಿಗೆ ಇನ್ನೊಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಹೋದ ತಿಂಗಳು ಹದಿನೆಂಟನೇ ತಾರೀಕಿನಿಂದ" ಎಂದೆ.

ಹದಿನಾಲ್ಕು ಜನರೂ ತಲೆ ಬಗ್ಗಿಸಿ ಅದನ್ನು ಬರೆದುಕೊಂಡರು.