ನಿಂಬೆ ಎಣಿಸುವ ಫೋನಿಗೊಂದು ನಡುಕ

ನಮ್ಮ ಕಾಕಾನ ಪ್ರಕಾರ ದೇವರು ಮನುಷ್ಯನಿಗೆ ಕಣ್ಣು ಕೊಟ್ಟಿದ್ದು ಮಲಗುವಾಗ ಮುಚ್ಚಿಕೊಳ್ಳಲಿಕ್ಕೆ. ಉಳಿದ ಕೆಲಸಕ್ಕೆಲ್ಲ ಕೈ ಇದೆಯಲ್ಲ! ಅಪ್ಪನ ತಮ್ಮನಾದ ಈ ಮಹಾನುಭಾವ ಇಂಡಿ ಪಟ್ಟಣದ ನಿಂಬೆ ಪೇಟೆಯಲ್ಲಿ ಹಣ್ಣು ಎಣಿಸುವವನಾಗಿದ್ದ. ಒಂದು ಹಿಡಿಗೆ ಐದು ಹಣ್ಣು, ಇಪ್ಪತ್ತು ಹಿಡಿಗೆ ನೂರು, ಸಾವಿರಕ್ಕೆ ಒಂದು ಚೀಲ. ಎಣಿಸುವಾಗ ರಾಶಿಯ ಕಡೆ ನೋಡುತ್ತಲೇ ಇರಲಿಲ್ಲ. ಆಕಾಶ ನೋಡುತ್ತಾ, ಪಕ್ಕದವನ ಮಗಳ ಮದುವೆ ವಿಚಾರ ಕೇಳುತ್ತಾ ಕೂತಿರುತ್ತಿದ್ದ. ಹಿಡಿಯಲ್ಲಿ ಕೊಳೆತ ಹಣ್ಣು ಬಂದರೆ ಮಾತು ನಿಲ್ಲಿಸದೆ ಆಚೆ ಎಸೆಯುತ್ತಿದ್ದ. ಮೊದಲ ಹಿಡಿಗೆ ‘ಒಂದು’ ಅನ್ನುವ ಹಾಗಿಲ್ಲ, ‘ಲಾಭ’ ಅನ್ನಬೇಕು. ಚೀಲ ತುಂಬಿದ ಮೇಲೆ ಕೊಸರೆಂದು ಒಂದು ಹಿಡಿ ಹೆಚ್ಚಿಗೆ ಹಾಕಬೇಕು, ಅದನ್ನು ಎಣಿಸಬಾರದು. ಇವೆರಡೂ ಅವನಿಗೆ ವೇದವಾಕ್ಯ.

ಮನೆಯಲ್ಲೂ ಅದೇ ಕಥೆ. ಚಹಾ ಬಗ್ಗಿಸುವಾಗ ಕಪ್ಪಿನೊಳಗೆ ಬೆರಳಿಟ್ಟು ಅಳೆಯುತ್ತಿದ್ದ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು, ಅದನ್ನು ಮಾಡಿದ ಬಡಿಗನ ಮೂರು ತಲೆಮಾರನ್ನೂ ಬೈಯುತ್ತಿದ್ದ. ಸಿಂದಗಿಯ ಒಂದು ಮದುವೆಯಲ್ಲಂತೂ ಬೀಗರು ಎಡಗಡೆಯಿಂದ ಬಂದು ಕೈ ಮುಗಿದರೆ, ಇವನು ತಿರುಗಿಯೂ ನೋಡದೆ ಊಟದ ಪಂಕ್ತಿಗೆ ನಡೆದುಬಿಟ್ಟ! ಬೀಗರು ಸಿಟ್ಟಾದರು. ಹಸಿವಾದಾಗ ನನಗೆ ಬಂಧುಬಳಗ ಕಾಣುವುದಿಲ್ಲ ಎಂದು ಹೇಳಿ ಅವರನ್ನೂ ನಗಿಸಿದ. ಇಂಥ ಸಮಜಾಯಿಷಿಗಳಿಗಾಗಿಯೇ ನಾವು ಕಾಯುತ್ತಿದ್ದೆವು.

ಗುಂಡಿ ಒತ್ತುವ ಫೋನುಗಳು ಹಳ್ಳಿಹಳ್ಳಿಗೂ ಬಂದಿದ್ದ ಕಾಲ. ನಾನು ಬಿಜಾಪುರದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಎರಡಕ್ಷರ ಕಲಿತವನಿಗೆ ಊರು ಉದ್ಧಾರ ಮಾಡುವ ಚಟ ಇರುತ್ತದಲ್ಲ? ಕಾಕಾನ ಫೋನಿಗೆ ನಿಂಬೆ ಎಣಿಸುವ ಪ್ರೋಗ್ರಾಮ್ ಬರೆದುಕೊಟ್ಟೆ. ಆ್ಯಪ್ ಎನ್ನುವ ಮಾತು ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ಬಲಗೈಯಿಂದ ಹಿಡಿ ತುಂಬಿ ಚೀಲಕ್ಕೆ ಹಾಕುವುದು, ಎಡಗೈ ಹೆಬ್ಬೆರಳಿನಿಂದ ಗುಂಡಿ ಒತ್ತುವುದು, ಪರದೆಯ ಮೇಲೆ ಹಿಡಿಯ ಲೆಕ್ಕ, ಅದರ ಪಕ್ಕದಲ್ಲಿ ಹಣ್ಣಿನ ಲೆಕ್ಕ ಏರುವುದು. ಇಷ್ಟೇ.

ಮೊದಲ ದಿನವೇ ತಕರಾರು. ಗುಂಡಿ ಒತ್ತಿ, ಏನು ಬಂತೆಂದು ನನ್ನನ್ನೇ ಕೇಳಿದ. ಒಂದು ಎಂದೆ. ಅಪಶಕುನವಾಯಿತು! ಸರಿ, ಇಂಗ್ಲಿಷ್ ಅಕ್ಷರದಲ್ಲಿ ‘ಲಾಭ’ ಎಂದು ಬರೆದೆ. ಮರುದಿನ ಕೈ ಅಭ್ಯಾಸದಿಂದ ಕೊಸರಿನ ಹಿಡಿಗೂ ಗುಂಡಿ ಒತ್ತಿದ. ಹಣ್ಣಿನ ಲೆಕ್ಕ ಐದು ಹೆಚ್ಚಾಯಿತು. “ಎಣಿಸಿ ಕೊಟ್ರ ಅದು ಕೊಸರು ಹೆಂಗಾತು? ನಿನ್ನ ಮಿಷನ್‌ಗೆ ದೊಡ್ಡ ಮನಸಿಲ್ಲ,” ಎಂದ. ಒತ್ತಿದ್ದು ತಾನೇ ಎಂದು ಮಾತ್ರ ಒಪ್ಪಲಿಲ್ಲ. ಸಾವಿರ ಮುಟ್ಟಿದ ಮೇಲೆ ಎಷ್ಟು ಒತ್ತಿದರೂ ಲೆಕ್ಕ ಏರದ ಹಾಗೆ ಮಾಡಿದೆ. ಆಮೇಲೆ ಬಂತು ದೊಡ್ಡ ಬೇಡಿಕೆ.

“ತಮ್ಮಾ, ಪರದೆ ಮ್ಯಾಲೆ ತೋರ್ಸೂದು ಬ್ಯಾಡ. ನನ್ನ ಕೈಗಿ ತಿಳಿಯುವಂಗ ಮಾಡು.”

ಯಾರಾದರೂ ಫೋನ್ ಮಾಡಿದಾಗ ಅದು ಅಂಗಿ ಕಿಸೆಯಲ್ಲಿ ನಡುಗುತ್ತದಲ್ಲ, ಹಾಗೆ ಪ್ರತಿ ಹಿಡಿಗೂ ಒಂದು ಸಣ್ಣ ನಡುಕ, ನೂರಕ್ಕೊಂದು ದೊಡ್ಡ ನಡುಕ ಬೇಕಂತೆ! ನಾಲ್ಕು ಸಾಲಿನ ಕೆಲಸ. ಆದರೂ ನಾನು ನಾಲ್ಕು ತಿಂಗಳು ಮಾಡಲಿಲ್ಲ. ಬ್ಯಾಟರಿ ಬೇಗ ಮುಗಿಯುತ್ತದೆ ಎಂದೆ, ಪರೀಕ್ಷೆ ಇದೆ ಎಂದೆ. ನಿಜ ಹೇಳಬೇಕೆಂದರೆ, ಅಷ್ಟು ಅಂದವಾಗಿ ಮಾಡಿದ್ದ ಪರದೆಯನ್ನು ಇವನು ನೋಡುವುದೇ ಇಲ್ಲವಲ್ಲ ಎಂಬ ಸಿಟ್ಟು ನನಗೆ. ಊರಿಗೆ ಬಂದಾಗಲೆಲ್ಲ ಅವನು ಕೇಳುತ್ತಿದ್ದ, ಕಾಕಾನ ಹುಚ್ಚು ಎಂದು ನಾನು ತೇಲಿಸಿಬಿಡುತ್ತಿದ್ದೆ.

ಕೊನೆಗೆ ಮಾಡಿದೆ. ಆದರೆ ಸುಮ್ಮನೆ ಮಾಡಿಕೊಟ್ಟರೆ ನಾನು ಅವನ ಅಣ್ಣನ ಮಗನೇ? ಸಾವಿರ ಮುಟ್ಟಿದಾಗ ಹತ್ತು ಸೆಕೆಂಡಿನ ನಡುಕ ಇಟ್ಟೆ! ಪೇಟೆಯಲ್ಲಿ ಮೊದಲ ಚೀಲ ತುಂಬಿತು. ಕಾಕಾ ಇನ್ನೂ ನಡುಗುತ್ತಿದ್ದ ಫೋನನ್ನು ಹಣ್ಣಿನ ರಾಶಿಯ ಮೇಲಿಟ್ಟು, ಚೀಲದ ಬಾಯಿ ಹೊಲಿಯಲು ದಬ್ಬಣ ಕೈಗೆತ್ತಿಕೊಂಡ. ಫೋನು ದೇವರು ಮೈಮೇಲೆ ಬಂದವರ ಹಾಗೆ ಕುಣಿದು, ರಾಶಿಯಿಂದ ಜಾರಿ ಕೆಳಗೆ ಬಿತ್ತು. ಹಮಾಲರು ಬಿದ್ದು ಬಿದ್ದು ನಕ್ಕರು. ನಡುಕ ನಿಂತಿತು, ಕಾಕಾ ಹುಡುಕತೊಡಗಿದ. ಫೋನು ಹಾಡಹಗಲಲ್ಲಿ, ಅವನ ಎಡ ಮೊಣಕಾಲಿನ ಪಕ್ಕದಲ್ಲೇ, ನೆಲಕ್ಕೆ ಹಾಸಿದ್ದ ತಾಡಪತ್ರಿಯ ಖಾಲಿ ಜಾಗದಲ್ಲಿ ಬಿದ್ದಿತ್ತು. ಅವನು ಎರಡೂ ಕೈಗಳಿಂದ ರಾಶಿಯನ್ನು ತಡವುತ್ತಾ ಒಂದೊಂದೇ ಹಣ್ಣನ್ನು ಮುಟ್ಟಿ ಸರಿಸುತ್ತಿದ್ದ.

“ಕಾಕಾ, ಕಣ್ಣು ಮನ್ಯಾಗ ಇಟ್ಟು ಬಂದೀಯೇನು?” ಎಂದೆ.

ಎಲ್ಲರೂ ಇನ್ನೊಮ್ಮೆ ನಕ್ಕರು. ಅವನೂ ನಕ್ಕ. ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳುವ ಹಾಗಿದ್ದರೆ, ಆ ಒಂದು ಮಾತಿಗೆ ನಾನು ಏನು ಬೇಕಾದರೂ ಕೊಟ್ಟೇನು.

ಮುಂದಿನ ತಿಂಗಳು ಕಾಕಾ ಪೇಟೆಯ ಮೆಟ್ಟಿಲು ತಪ್ಪಿ ಬಿದ್ದ. ಕಾಲಿಗೆ ಪಟ್ಟಿ ಕಟ್ಟಿದ ಡಾಕ್ಟರು ಅನುಮಾನ ಬಂದು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು, ಸೋಲಾಪುರದ ಕಣ್ಣಿನ ಡಾಕ್ಟರಲ್ಲಿಗೆ ಹೋಗಲು ಹೇಳಿದರು. ಕರೆದುಕೊಂಡು ಹೋದವನು ನಾನೇ. ಕಣ್ಣಿನ ಒತ್ತಡ ಹೆಚ್ಚಾಗಿ ನರ ಒಣಗಿದೆಯಂತೆ. ದೃಷ್ಟಿ ಬದಿಯಿಂದ ಹೋಗುತ್ತಾ ಬಂದಿದೆಯಂತೆ. ಹೋದದ್ದು ಬರುವುದಿಲ್ಲ, ಮೊದಲೇ ಬಂದಿದ್ದರೆ ಇದ್ದಷ್ಟನ್ನಾದರೂ ಉಳಿಸಬಹುದಿತ್ತು ಎಂದರು. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದ್ದಕ್ಕೆ ಎರಡು ವರ್ಷ ಎಂದ ಕಾಕಾ. ಕಣ್ಣಿಲ್ಲದವನ ಕೈಗೆ ಯಾರು ಚೀಲ ಕೊಡುತ್ತಾರೆ ಎಂಬ ಹೆದರಿಕೆಯಲ್ಲಿ ಎರಡು ವರ್ಷ ನಮ್ಮನ್ನೆಲ್ಲ ನಗಿಸುತ್ತಾ ಬಂದಿದ್ದ. ನಾವೂ ನಗುತ್ತಾ ಬಂದಿದ್ದೆವು.

ಡಾಕ್ಟರು ನನ್ನ ಕಡೆ ತಿರುಗಿದರು. ಅಷ್ಟು ದಿನ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲವೇ ಎಂದು ಕೇಳಿದರು. ಕಾಕಾನೇ ಉತ್ತರ ಕೊಟ್ಟ.

“ಇವಗ ಗೊತ್ತಾಗಿತ್ರಿ. ನನ್ನ ಮುಂದ ಅನ್ನಲಿಲ್ಲ, ಅಷ್ಟ. ಅದಕ್ಕ ನೋಡ್ರಿ, ಫೋನು ನನ್ನ ಕೈಗಿ ತಿಳಿಯುವಂಗ ಮಾಡಿಕೊಟ್ಟಾನ.”

ಹಾಗೆ ಹೇಳುತ್ತಲೇ ಅವನು ನನ್ನ ಬೆನ್ನು ತಟ್ಟಲೆಂದು ಎಡಗಡೆಗೆ ಕೈ ಚಾಚಿದ. ನಾನು ಕೂತಿದ್ದು ಬಲಗಡೆ. ಸದ್ದು ಮಾಡದೆ ಎದ್ದು, ಹಿಂದಿನಿಂದ ಸುತ್ತಿ ಹೋಗಿ, ಆ ಕೈಯ ಕೆಳಗೆ ಕೂತುಕೊಂಡೆ.